ಅಕ್ಕನ ಫರ್ವಾ

ಕತಾರಿನಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ತೋಡಾರಿನಿಂದ ಫೋನ್ ಮಾಡುವ ಉಮ್ಮನಂತೂ ಮರಳುಗಾಡಿನಲ್ಲಿ ಎಂಥ ಚಳಿ ಮಾರಾಯ್ತಿ, ಎ.ಸಿ. ಜಾಸ್ತಿ ಇಟ್ಟು ಮಲಗಿದ್ದಿಯೋ ಏನೋ ಎಂದು ಸಫೂರಾಳನ್ನು ಗೇಲಿ ಮಾಡುತ್ತಿದ್ದರು. ಅಂಥವರು ಒಮ್ಮೆ ಬಂದು ನೋಡಬೇಕು. ಜನವರಿಯಲ್ಲಿ ವಾಯವ್ಯದ ಗಾಳಿ ಎದ್ದಿತೆಂದರೆ ಶಹಾನಿಯಾದ ಆಚೆಯ ಬಯಲಿನಲ್ಲಿ ಅದಕ್ಕೆ ಅಡ್ಡ ನಿಲ್ಲಲು ಒಂದು ಗುಡ್ಡವಿಲ್ಲ, ಹೆಸರಿಗೊಂದು ಮರವಿಲ್ಲ. ಎರಡೆರಡು ಅಂಗಿ ಹಾಕಿಕೊಂಡರೂ ಅದು ನೇರ ಮೂಳೆಗೇ ಹೋಗಿ ಕೂರುತ್ತದೆ. ಜೊತೆಗೆ ಮಳೆಯೂ ಬಂದರೆ ಆ ಪಾಡು ಕೇಳುವುದೇ ಬೇಡ. ಒಂಟೆಗಳಿಗೆ ಈಯುವ ಕಾಲವೆಂದು ಸೃಷ್ಟಿಸಿದವನು ಇಟ್ಟದ್ದು ಸರಿಯಾಗಿ ಆ ತಿಂಗಳುಗಳನ್ನೇ.

ಆ ಬಯಲಿನಲ್ಲಿ ಒಂದು ಅರಬ್ಬಿ ಮನೆತನದ ಇಝ್ಬಾ ಇತ್ತು. ಇಝ್ಬಾ ಎಂದರೆ ಒಂಟೆದೊಡ್ಡಿ. ನಾಲ್ಕು ಕಟಕಟೆ, ಒಂದು ನೀರಿನ ಟ್ಯಾಂಕಿ, ತಗಡಿನ ಮಾಡು, ಮೂಲೆಯಲ್ಲಿ ಎರಡು ಕೋಣೆಯ ಮನೆ. ಮುದುಕ ಅರ್ಬಾಬ್, ಎಂದರೆ ಧಣಿ, ತೀರಿಕೊಂಡ ಮೇಲೆ ಮಗ ದೋಹಾದಲ್ಲೇ ಇರುತ್ತಾನೆ, ಶುಕ್ರವಾರ ಬಂದು ಚಹಾ ಕುಡಿದು ಒಂಟೆಗಳ ಫೋಟೋ ತೆಗೆದು ಹೋಗುತ್ತಾನೆ. ಉಳಿದ ದಿನವೆಲ್ಲ ಅಲ್ಲಿ ಯಾಕೂಬನದೇ ಮಾತು. ಡ್ರೈವರ್ ಕೆಲಸಕ್ಕೆಂದು ಬಂದ ಕರಾವಳಿಯ ಬ್ಯಾರಿ ಹುಡುಗ, ಮುದುಕನ ಹಿಂದೆ ತಿರುಗಿ ತಿರುಗಿ ಒಂಟೆಗಳ ಹೊಟ್ಟೆನೋವು, ಹೆರಿಗೆನೋವು ಎಲ್ಲ ಕಲಿತು, ಈಗ ಗಡ್ಡ ಬೆಳ್ಳಗಾದ ಯಜಮಾನನಾಗಿದ್ದ. ಚಳಿಗಾಲ ಬಂತೆಂದರೆ ಹೆಂಡತಿ ಸಫೂರಾ, ಮಗಳು ಅಫ್ರಾ ಇಬ್ಬರನ್ನೂ ಪೇಟೆಯ ಫ್ಲ್ಯಾಟಿನಿಂದ ಎಬ್ಬಿಸಿಕೊಂಡು ಇಲ್ಲಿಗೇ ಬಂದುಬಿಡುತ್ತಿದ್ದ. ಇವರಲ್ಲದೆ ಇದ್ದವನು ಇದ್ರೀಸ್ ಎಂಬ ಸುಡಾನಿನ ವಯಸ್ಸಾದ ಆಳು ಒಬ್ಬ.

ಆ ಮನೆಯ ಬಾಗಿಲ ಪಕ್ಕ ಒಂದು ಮೊಳೆ. ಮೊಳೆಯಲ್ಲಿ ಒಂದು ಫರ್ವಾ. ಒಳಗೆಲ್ಲ ಕುರಿಯ ತುಪ್ಪಟ, ಹೊರಗೆ ಕಂದು ಬಟ್ಟೆ, ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಯುವ ಅರಬ್ಬಿಗಳ ಚಳಿಯಂಗಿ ಅದು. ಸಫೂರಾ ಹೊರಗೆ ಕಾಲಿಡುವ ಮೊದಲು ಅದನ್ನು ಹಾಕಿಕೊಳ್ಳುತ್ತಿದ್ದಳು, ಒಳಗೆ ಬಂದೊಡನೆ ಮೊಳೆಗೆ ಸಿಕ್ಕಿಸುತ್ತಿದ್ದಳು. ಅದು ಅವಳದಲ್ಲ, ಅವಳ ಅಕ್ಕ ಹಬೀಬಾಳದು. ಹಾಗೆ ನೋಡಿದರೆ ಆ ಮನೆಯಲ್ಲಿ ಸಫೂರಾಳದು ಎನ್ನುವಂಥದ್ದು ಏನಿತ್ತು ಹೇಳಿ? ಗಂಡ ಅಕ್ಕನ ಗಂಡ, ಮಗಳು ಅಕ್ಕನ ಮಗಳು, ಮಸಾಲೆ ಕಡೆಯುವ ಮಿಕ್ಸಿಯೂ ಅಕ್ಕ ತಂದದ್ದು.

ಹಬೀಬಾ ತೀರಿಕೊಂಡದ್ದು ಇದೇ ಇಝ್ಬಾದ ಚಳಿಯಲ್ಲಿ. ಎಳೆ ಬಾಣಂತಿ, ಎದೆಗೆ ಕಫ ಕಟ್ಟಿ ಜ್ವರ ಏರಿತು, ದೋಹಾದ ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಅಲ್ಲೇ ಮಣ್ಣು ಮಾಡಿ, ಯಾಕೂಬ್ ಕೈಕೂಸನ್ನು ಎತ್ತಿಕೊಂಡು ತೋಡಾರಿಗೆ ಬಂದ. ಕೂಸು ಯಾರ ಕೈಗೂ ನಿಲ್ಲಲಿಲ್ಲ. ಬಾಟಲಿ ಬಾಯಿಗಿಟ್ಟರೆ ತಲೆ ತಿರುಗಿಸಿ ಅತ್ತು ಅತ್ತು ನೀಲಿಯಾಗುತ್ತಿತ್ತು. ಆಗ ಉಮ್ಮ ಅವನು ತಂದ ಸೂಟ್‌ಕೇಸು ಬಿಚ್ಚಿ, ಹಬೀಬಾ ಉಟ್ಟು ಬಿಟ್ಟಿದ್ದ ಒಗೆಯದ ಮ್ಯಾಕ್ಸಿಯೊಂದನ್ನು ತೆಗೆದು, ಇದನ್ನು ಹಾಕಿಕೊಂಡು ಎತ್ತಿಕೋ ನೋಡುವ ಎಂದು ಸಫೂರಾಳಿಗೆ ಕೊಟ್ಟರು. ಹಾಕಿಕೊಂಡಳು. ಕೂಸು ಅವಳ ಎದೆಗೆ ಮೂಗು ತಿಕ್ಕಿ, ಬಿಕ್ಕಳಿಸುತ್ತ ಬಿಕ್ಕಳಿಸುತ್ತ ಬಾಟಲಿ ಕಚ್ಚಿಕೊಂಡಿತು. ಸುತ್ತ ನಿಂತ ಹೆಂಗಸರು ಕಣ್ಣೊರೆಸಿಕೊಂಡರು, ಕೂಸೇ ಆರಿಸಿತಲ್ಲ ಎಂದರು. ಆರಿಸಿದ್ದು ಸಫೂರಾಳನ್ನೋ ಮ್ಯಾಕ್ಸಿಯನ್ನೋ ಎಂದು ಯಾರೂ ಕೇಳಲಿಲ್ಲ. ಹತ್ತೊಂಬತ್ತರ ಹುಡುಗಿ, ಅವಳ ಒಪ್ಪಿಗೆಯನ್ನು ನಿಕಾಹಿನ ದಿನ ಕೇಳುವ ಮಾತಿನಷ್ಟೇ ಕೇಳಿದರು.

ವಿಮಾನ ಇಳಿದು ಇಝ್ಬಾಕ್ಕೆ ಬಂದ ಮೊದಲ ದಿನ ಬಾಗಿಲ ಪಕ್ಕ ಈ ಫರ್ವಾ ತೂಗುತ್ತಿತ್ತು. ಓಹೋ, ಇದನ್ನು ಹಾಕಿಕೋ ಎಂದು ಬಾಯಿಬಿಟ್ಟು ಹೇಳಲಾರದೆ ಇಲ್ಲಿ ತೂಗುಹಾಕಿದ್ದಾರೆ ಎಂದು ಸಫೂರಾ ಅರ್ಥ ಮಾಡಿಕೊಂಡಳು. ಮಾರನೆಯ ಬೆಳಿಗ್ಗೆ ಹಾಕಿಕೊಂಡಳು. ಅಂದಿನಿಂದ ಇಂದಿನವರೆಗೆ ಹದಿನಾಲ್ಕು ಚಳಿಗಾಲ ಅದನ್ನೇ ಹೊದ್ದಳು. ಯಾಕೂಬ್ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಒಂದು ಕೆಟ್ಟ ಮಾತು ಆಡಿದವನಲ್ಲ, ಕೇಳಿದ್ದನ್ನು ತಂದುಕೊಡದೆ ಇದ್ದವನಲ್ಲ. ಮುಖ ಮಾತ್ರ ನೋಡುತ್ತಿರಲಿಲ್ಲ. ಮಾತಾಡುವಾಗ ಅವಳ ಕಾಲಬುಡದ ಮರಳನ್ನೋ ಹಿಂದಿನ ಗೋಡೆಯನ್ನೋ ನೋಡುತ್ತಿದ್ದ. ಬೇಸಿಗೆಯಲ್ಲಿ ಸ್ವಲ್ಪ ಪರವಾಗಿಲ್ಲ, ಚಳಿಗಾಲ ಬಂತೆಂದರೆ ಪೂರ್ತಿ ಕಲ್ಲು. ಅಕ್ಕ ಹೋದದ್ದು ಚಳಿಯಲ್ಲಲ್ಲವೇ, ಅದಕ್ಕೇ ಎಂದು ಸಫೂರಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಎಷ್ಟು ಹೇಳಿಕೊಂಡರೂ ಹೊಟ್ಟೆಯೊಳಗಿನ ಉರಿ ಆರುತ್ತದೆಯೇ? ಅವಳಿಗೆ ಮಕ್ಕಳೂ ಆಗಲಿಲ್ಲ. ಅಫ್ರಾ ಅವಳನ್ನು ಉಮ್ಮ ಎಂದೇ ಕರೆಯುತ್ತಿದ್ದಳು, ಹೆತ್ತವಳು ಬೇರೆ ಎಂದು ಗೊತ್ತಿದ್ದೂ ಕರೆಯುತ್ತಿದ್ದಳು. ಅದೊಂದು ಸಮಾಧಾನ.

ಈ ವರ್ಷ ಗಾಳಿ ಮಳೆಯನ್ನು ಕೂಡಿಕೊಂಡೇ ಬಂತು. ಆಲಿಕಲ್ಲು ತಗಡಿನ ಮೇಲೆ ಬಿದ್ದು ಕಿವಿ ಕಿವುಡಾಯಿತು. ಹೆದ್ದಾರಿಗೆ ಹೋಗುವ ಮಣ್ಣಿನ ದಾರಿಯ ಮೇಲೆ ಮೊಣಕಾಲುದ್ದ ನೀರು ನಿಂತು, ದನದ ಡಾಕ್ಟರು ಬರಲಾರೆ ಎಂದು ಫೋನಿನಲ್ಲೇ ಮದ್ದು ಹೇಳಿದ. ಆ ಹಾಳು ಮಳೆಯಲ್ಲೇ ಎರಡು ಒಂಟೆಗಳಿಗೆ ನೋವು ಬಂತು. ಮುದಿಯೊಂಟೆ ಮರಿ ಹಾಕಿ, ರಕ್ತ ನಿಲ್ಲದೆ, ಕತ್ತು ಮರಳಿನ ಮೇಲೆ ಚಾಚಿ ಹೋಗಿಬಿಟ್ಟಿತು. ಅತ್ತ ಕಟಕಟೆಯ ಸಮ್ರಾ ಎಂಬ ಕಪ್ಪೊಂಟೆಯ ಮರಿ ಹುಟ್ಟಿ ಎದ್ದು ನಿಲ್ಲುವ ಮೊದಲೇ ಶೀತಕ್ಕೆ ಸೆಟೆದು ಸತ್ತಿತು. ತಾಯಿ ಇಲ್ಲದ ಮರಿ ಒಂದು, ಮರಿ ಇಲ್ಲದ ತಾಯಿ ಒಂದು. ಬೆಳಗಾಗುವಾಗ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಒಂಟೆಗೆ ಈ ಲೆಕ್ಕ ತಿಳಿಸುವವರು ಯಾರು?

ಯಾಕೂಬ್ ಉಳಿದ ಮರಿಯನ್ನು ಗೋಣಿಯಲ್ಲಿ ತಿಕ್ಕಿ ಒಣಗಿಸಿ ಸಮ್ರಾಳ ಮುಂದೆ ಬಿಟ್ಟ. ಅದು ನಡುಗುವ ಉದ್ದ ಕಾಲುಗಳನ್ನು ಎಲ್ಲೆಲ್ಲೋ ಇಡುತ್ತ ಕೆಚ್ಚಲ ಹತ್ತಿರ ಹೋಯಿತು. ಸಮ್ರಾ ಬಗ್ಗಿ ಮೂಸಿದಳು, ಒದ್ದಳು. ಮರಿ ಉರುಳಿಬಿತ್ತು. ಎದ್ದು ಮತ್ತೆ ಹೋಯಿತು, ಮತ್ತೆ ಒದ್ದಳು. ಇನ್ನೊಮ್ಮೆ ಒದ್ದರೆ ಪಕ್ಕೆಲುಬು ಉಳಿಯುವುದಿಲ್ಲ ಎಂದು ಇದ್ರೀಸ್ ಮರಿಯನ್ನು ಎಳೆದುಕೊಂಡ. ಸಮ್ರಾ ಸತ್ತ ಮರಿ ಬಿದ್ದಿದ್ದ ಮೂಲೆಗೆ ಹೋಗಿ, ಅದರ ಮೇಲೆ ಕತ್ತು ಬಾಗಿಸಿ, ಗಂಟಲಿನ ಒಳಗಿನಿಂದ ನರಳುವಂತೆ ಒಂದು ದನಿ ಹೊರಡಿಸಿದಳು. ಗಾಳಿಯಲ್ಲಿ ಆ ದನಿ ಹೆಂಗಸಿನ ದನಿಯಂತೆ ಕೇಳಿಸಿ ಸಫೂರಾಳ ಮೈ ಜುಮ್ಮೆಂದಿತು.

"ಸತ್ತದ್ದರ ಚರ್ಮ ಸುಲಿದು ಇದಕ್ಕೆ ಕಟ್ಟುವ," ಎಂದ ಯಾಕೂಬ್, ಮರಳು ನೋಡುತ್ತ. "ವಾಸನೆಗೆ ತನ್ನದೇ ಮರಿ ಅಂತ ಹಾಲು ಬಿಡ್ತದೆ. ಮುದುಕ ಅರ್ಬಾಬ್ ಇರುವಾಗ ನಾವು ಮಾಡಿದ್ದುಂಟು."

"ಬೇಡ," ಎಂದಳು ಸಫೂರಾ.

ಒಂಟೆಯ ವಿಷಯದಲ್ಲಿ ಅವಳು ಎಂದೂ ಬಾಯಿ ಹಾಕಿದವಳಲ್ಲ. ಯಾಕೂಬ್ ಆಶ್ಚರ್ಯದಿಂದ ತಲೆ ಎತ್ತಿ, ಅವಳ ಕೊರಳ ಪಟ್ಟಿಯವರೆಗೆ ನೋಡಿ, ಮತ್ತೆ ತಗ್ಗಿಸಿದ.

"ಬೇಡ ಅಂದ್ರೆ?"

"ಸತ್ತವರ ಚರ್ಮ ಹೊದ್ದುಕೊಂಡು ಬದುಕುವುದು ಒಂದು ಬದುಕಾ? ನಾನು ಬಾಟಲಿಯಲ್ಲಿ ಕುಡಿಸ್ತೇನೆ. ಬೇರೆ ಒಂಟೆಯ ಹಾಲು ಕರೆದು ಕೊಡಿ."

ಕರೆದು ಕೊಟ್ಟ. ಅದು ಎಷ್ಟು ಸಿಗಬೇಕು? ಮರಿ ಹತ್ತಿರ ನಿಲ್ಲದೆ ಒಂಟೆ ಸುಲಭಕ್ಕೆ ಹಾಲು ಇಳಿಸುವುದಿಲ್ಲ, ಇಳಿಸಿದ್ದು ಅದರ ಮರಿಗೇ ಸಾಲದು. ಸಫೂರಾ ಉಳಿದದ್ದಕ್ಕೆ ಪುಡಿಹಾಲು ಕಲಸಿದಳು. ಅಡಿಗೆಮನೆಯ ಮೂಲೆಯಲ್ಲಿ ಹೀಟರಿನ ಎದುರು ಮರಿಯನ್ನು ಮಲಗಿಸಿ, ಆ ಗುಮ್ಮನಂಥ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತುಟಿ ಬಿಡಿಸಿ ಕುಡಿಸಿದಳು. ಅರ್ಧ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಒಳಗೆ ಹೋದದ್ದೂ ಸಂಜೆಯ ಹೊತ್ತಿಗೆ ನೀರುನೀರಾಗಿ ಹೊರಗೆ ಬಂತು. ಅಫ್ರಾ ರಜೆಯಲ್ಲಿದ್ದಳು, ಬಗಲಲ್ಲೇ ಕೂತು ಮೊಬೈಲಿನಲ್ಲಿ ಒಂಟೆಮರಿಯ ಭೇದಿಗೆ ಏನು ಮಾಡಬೇಕೆಂದು ಹುಡುಕುತ್ತ, ಉಮ್ಮ ಇದು ಸಾಯ್ತದಾ, ಇದು ಸಾಯ್ತದಾ ಎಂದು ಕೇಳುತ್ತಲೇ ಇದ್ದಳು. ಇಲ್ಲ ಎಂದು ಸಫೂರಾ ಗದರಿದಳು. ಗದರಿದರೆ ಹೋಗುವ ಜೀವ ನಿಲ್ಲುತ್ತದೆಯೇ?

ಮಾರನೆಯ ದಿನ ಮರಿಯ ಕಣ್ಣುಗುಡ್ಡೆ ಒಳಕ್ಕೆ ಹೋಗಿತ್ತು. ಕಿವಿ ತಣ್ಣಗಿತ್ತು. ಬಾಟಲಿ ಕಂಡರೆ ಮುಖ ತಿರುಗಿಸುತ್ತಿತ್ತು. ಹಾಗೆ ಮುಖ ತಿರುಗಿಸುವುದನ್ನು ಸಫೂರಾ ಹಿಂದೆ ತೋಡಾರಿನ ಚಾವಡಿಯಲ್ಲಿ ನೋಡಿದ್ದಳು. ನನ್ನ ಹಟಕ್ಕೆ ಇದನ್ನು ಕೊಲ್ಲುವುದೇ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಎದ್ದು ಫರ್ವಾ ಹೊದ್ದು ಹೊರಗೆ ಹೋಗಿ, ಚೂರಿ ತೆಗೆದುಕೊಂಡು ಬಾ ಎಂದು ಇದ್ರೀಸನಿಗೆ ಅವಳೇ ಹೇಳಿದಳು.

ಚಳಿಯ ದೆಸೆಯಿಂದ ಸತ್ತ ಮರಿ ಕೊಳೆತಿರಲಿಲ್ಲ. ಇದ್ರೀಸ್ ಬಿಸ್ಮಿಲ್ಲಾ ಹೇಳಿ, ತಲೆ ಕಾಲು ಬಿಟ್ಟು, ಅಂಗಿ ಕಳಚುವಂತೆ ಚರ್ಮ ಕಳಚಿದ. ಯಾಕೂಬ್ ಮರಿಯನ್ನು ಹಿಡಿದುಕೊಂಡ. ಕಟ್ಟುವ ಕೆಲಸ ಸಫೂರಾ ಮಾಡಿದಳು. ಒದ್ದೆ ಚರ್ಮವನ್ನು ಮರಿಯ ಬೆನ್ನ ಮೇಲೆ ಹೊದಿಸಿ, ಎದೆಯ ಕೆಳಗೆ, ಹೊಟ್ಟೆಯ ಕೆಳಗೆ, ಬಾಲದ ಹಿಂದೆ ಗೋಣಿದಾರ ಹಾಕಿ ಗಂಟು ಬಿಗಿದಳು. ಆ ಭಾರಕ್ಕೆ ಮರಿಯ ಕಾಲು ಬಾಗಿತು.

"ಸ್ವಲ್ಪ ಭಾರ ಆಗ್ತದೆ," ಎಂದು ಅದರ ಕಿವಿಯಲ್ಲಿ ಮೆಲ್ಲಗೆ ಹೇಳಿದಳು. "ಮತ್ತೆ ಅಭ್ಯಾಸ ಆಗ್ತದೆ."

ಯಾಕೂಬನಿಗೆ ಅದು ಕೇಳಿಸಿತು. ಮೂವರೂ ಸೇರಿ ಮರಿಯನ್ನು ಕಟಕಟೆಗೆ ನೂಕಿ, ಉಸಿರು ಬಿಗಿಹಿಡಿದು ನಿಂತರು. ಸಮ್ರಾ ಬಂದಳು. ಬಾಲದ ಬುಡ ಮೂಸಿದಳು, ಬೆನ್ನು ಮೂಸಿದಳು, ಮತ್ತೆ ಬಾಲದ ಬುಡಕ್ಕೇ ಬಂದು ಬಹಳ ಹೊತ್ತು ಮೂಗಿಟ್ಟು ನಿಂತಳು. ಆಮೇಲೆ ಗಂಟಲಿನಿಂದ ಅದೇ ನರಳುವ ದನಿ ಬಂತು, ಈಗ ಮೆತ್ತಗೆ. ಹಿಂಗಾಲು ಅಗಲ ಮಾಡಿ ನಿಂತಳು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಎಳೆಯತೊಡಗಿತು. ಅಲ್‌ಹಮ್ದುಲಿಲ್ಲಾಹ್ ಎಂದು ಇದ್ರೀಸ್ ಆಕಾಶ ನೋಡಿದ. ಅಫ್ರಾ ವಿಡಿಯೋ ಮಾಡುತ್ತ ಕುಣಿದಳು.

ಸಫೂರಾಳಿಗೆ ಮಾತ್ರ ಸಂತೋಷ ಆಗಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಆ ಮೆತ್ತಗಿನ ದನಿ ಹಾಲು ಕುಡಿಯುವ ಈ ಮರಿಗಾಗಿ ಅಲ್ಲ, ಇದು ಯಾರೆಂದೇ ಸಮ್ರಾಳಿಗೆ ಗೊತ್ತಿಲ್ಲ. ಚರ್ಮ ಎಷ್ಟು ದಿನ ಬಾಳುತ್ತದೆ? ಕೊಳೆಯುತ್ತದೆ, ತೆಗೆಯಲೇಬೇಕು. ತೆಗೆದ ದಿನ ಇದರ ಗತಿ ಏನು? ಅಂದಿನಿಂದ ಅವಳ ಜೀವವೆಲ್ಲ ಆ ಒಂದು ದಿನದ ಮೇಲೆ ನಿಂತಿತು. ಒಲೆಯ ಮೇಲೆ ಗಂಜಿ ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಚರ್ಮ ಬಿಚ್ಚಿದ ಮೇಲೂ ಸಮ್ರಾ ಈ ಮರಿಯನ್ನು ಇಟ್ಟುಕೊಂಡರೆ ಲೋಕದಲ್ಲಿ ನ್ಯಾಯ ಉಂಟು, ಒದ್ದರೆ ಇಲ್ಲ ಎಂದು ಅವಳು ತನ್ನೊಳಗೇ ಪಣ ಕಟ್ಟಿಕೊಂಡಳು. ಹುಚ್ಚು ಪಣ. ಕಟ್ಟಿಕೊಂಡ ಮೇಲೆ ಬಿಡುವುದು ಹೇಗೆ?

ಗಾಳಿ ನಿಲ್ಲಲಿಲ್ಲ. ಮಳೆಗೆ ನೆನೆದ ಫರ್ವಾದ ತುಪ್ಪಟದಿಂದ ಎಷ್ಟೋ ವರ್ಷದ ಹಿಂದೆ ಆರಿಹೋಗಿದ್ದ ವಾಸನೆಯೊಂದು ಏಳತೊಡಗಿತು, ಅಕ್ಕ ತಲೆಗೆ ಹಚ್ಚುತ್ತಿದ್ದ ಕರಿಬೇವಿನ ಎಣ್ಣೆಯದು. ಹೆಗಲ ಮೇಲೆ ಭಾರ ಹೆಚ್ಚಿದಂತೆ, ಒಳಗೆ ತನ್ನ ಜೊತೆ ಇನ್ನೊಬ್ಬಳೂ ಕೈ ತೂರಿಸಿಕೊಂಡು ನಡೆಯುತ್ತಿದ್ದಂತೆ ಸಫೂರಾಳಿಗೆ ಅನ್ನಿಸುತ್ತಿತ್ತು. ಒಂದು ಸಂಜೆ ಇದ್ರೀಸ್ ಅಡಿಗೆಮನೆಯ ಬಾಗಿಲಿಗೆ ಬಂದು, ನೀವು ಈಗ ಟ್ಯಾಂಕಿಯ ಹತ್ತಿರ ನಿಂತಿರಲಿಲ್ಲವೇ, ನಾನು ಸಲಾಂ ಹೇಳಿದೆನಲ್ಲ ಎಂದು ಹರಕು ಹಿಂದಿಯಲ್ಲಿ ಕೇಳಿದ. ಸಫೂರಾ ಅಸರ್ ನಮಾಝ್ ಮುಗಿಸಿದ ಮೇಲೆ ಒಲೆ ಬಿಟ್ಟು ಕದಲಿರಲಿಲ್ಲ. ಫರ್ವಾ ಮೊಳೆಯಲ್ಲೇ ಇತ್ತು. ಕಣ್ಣಿಗೆ ಮರಳು ಹೋದರೆ ಏನೇನೋ ಕಾಣುತ್ತದೆ ಎಂದು ಅವನೇ ಸಮಾಧಾನ ಹೇಳಿಕೊಂಡು ಹೋದ. ಆಮೇಲೆ ಅವಳು ಕಿಟಕಿಯಿಂದ ನೋಡಿದರೆ ಒಂಟೆಗಳೆಲ್ಲ ಕತ್ತು ಹೊರಳಿಸಿ ಟ್ಯಾಂಕಿಯ ಕಡೆಗೇ ನೋಡುತ್ತಿದ್ದವು. ಅಲ್ಲಿ ಯಾರೂ ಇರಲಿಲ್ಲ.

ಅಕ್ಕನ ಮೇಲೆ ಅವಳಿಗೆ ಸಿಟ್ಟೇ ಬಂತು. ಬೇಕಾದರೆ ಬಂದು ನಿನ್ನದೆಲ್ಲ ತೆಗೆದುಕೊಂಡು ಹೋಗು, ಇಲ್ಲದಿದ್ದರೆ ನನಗೆ ಬಿಟ್ಟುಕೊಡು, ಹೀಗೆ ಅತ್ತ ದರಿ ಇತ್ತ ಪುಲಿ ಮಾಡಬೇಡ ಎಂದು ಪಾತ್ರೆ ತಿಕ್ಕುತ್ತ ಗೊಣಗಿದಳು. ಗೊಣಗಿದ ಮೇಲೆ ಸತ್ತವರ ಬಗ್ಗೆ ಹೀಗೆ ಅಂದೆನಲ್ಲ ಎಂದು ತೋಬಾ ಹೇಳಿಕೊಂಡಳು.

ಚರ್ಮ ನಾರತೊಡಗಿತು. ಇನ್ನು ಇಟ್ಟರೆ ಮರಿಗೆ ಹುಣ್ಣಾಗುತ್ತದೆ, ಇವತ್ತು ಬಿಚ್ಚಿಬಿಡುವ ಎಂದು ಯಾಕೂಬ್ ಹೊರಟ. ಸಫೂರಾ ಅಡ್ಡ ಬಂದಳು. ಒಂದೇ ಸಲಕ್ಕೆ ಬೇಡ, ದಿನಕ್ಕಿಷ್ಟು ಕತ್ತರಿಸಿ ತೆಗೆಯುವ, ಸಮ್ರಾಳಿಗೂ ತಿಳಿಯಲಿ, ಇದಕ್ಕೂ ತಿಳಿಯಲಿ ಎಂದಳು. ಮುದುಕ ಅರ್ಬಾಬ್ ಹಾಗೆ ಮಾಡಿರಲಿಲ್ಲ. ಆದರೂ ಯಾಕೂಬ್ ಕತ್ತರಿಯನ್ನು ಅವಳ ಕೈಗೇ ಕೊಟ್ಟ. ಮೊದಲ ದಿನ ಕುತ್ತಿಗೆಯದು ಕತ್ತರಿಸಿದಳು, ಮರುದಿನ ಒಂದು ಪಕ್ಕೆಯದು, ಆಮೇಲೆ ಇನ್ನೊಂದು. ಚರ್ಮ ಹೋದ ಜಾಗದಲ್ಲಿ ಮರಿಯ ಸ್ವಂತ ರೋಮ ಒದ್ದೆಯಾಗಿ, ಗುಂಗುರಾಗಿ ಕಾಣಿಸುತ್ತಿತ್ತು. ಸಮ್ರಾ ಅಲ್ಲಲ್ಲಿ ಮೂಸಿ ಅನುಮಾನದಿಂದ ಮೂಗು ಹಿಂದೆಗೆಯುತ್ತಿದ್ದಳು, ಆದರೆ ಬಾಲದ ಬುಡಕ್ಕೆ ಬಂದಾಗ ಹಾಲು ಬಿಡುತ್ತಿದ್ದಳು. ತನಗೆ ಹೀಗೆ ಒಂದೊಂದಾಗಿ ಬಿಚ್ಚಿಕೊಟ್ಟವರು ಯಾರೂ ಇರಲಿಲ್ಲವಲ್ಲ ಎಂದು ಸಫೂರಾ ಕತ್ತರಿ ಒರೆಸುತ್ತ ಅಂದುಕೊಂಡಳು.

ಕೊನೆಗೆ ಬಾಲದ ಮೇಲಿನ ಅಂಗೈಯಗಲದ ತುಂಡೊಂದು ಉಳಿಯಿತು. ಆ ಬೆಳಿಗ್ಗೆ ಮಳೆ ನಿಂತಿತ್ತು, ಗಾಳಿ ಮಾತ್ರ ಬೀಸುತ್ತಿತ್ತು. ಬಿಸಿಲು ಇತ್ತು, ಕಾವು ಇರಲಿಲ್ಲ. ಸಫೂರಾ ದಾರ ಕತ್ತರಿಸಿ ತುಂಡನ್ನು ತೆಗೆದು ಇದ್ರೀಸನ ಕೈಗೆ ಕೊಟ್ಟಳು. ಅವನು ಹೂಳಲು ದೂರ ಒಯ್ದ. ಮರಿ ಬರಿಮೈಯಲ್ಲಿ ನಿಂತಿತು, ನಾಲ್ಕು ಕಾಲಿನ ಕಡ್ಡಿಯಂತೆ. ಸಮ್ರಾ ಹತ್ತಿರ ಬಂದು ಬಾಲದ ಬುಡಕ್ಕೆ ಮೂಗು ಇಟ್ಟಳು. ತಟ್ಟನೆ ತಲೆ ಎತ್ತಿದಳು. ಇದ್ರೀಸ್ ಹೋದ ದಿಕ್ಕಿಗೆ ಕತ್ತು ಚಾಚಿ ಗಾಳಿ ಮೂಸಿದಳು. ಒಂದು ಹೆಜ್ಜೆ ಅತ್ತ ಇಟ್ಟಳು. ಸಫೂರಾ ಕಟಕಟೆಯ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಕೈಗೆ ತುಕ್ಕು ಅಂಟಿತು.

ಮರಿಗೆ ಇದೊಂದೂ ಗೊತ್ತಿಲ್ಲ. ಅದಕ್ಕೆ ಹಸಿವು. ಅದು ಹೋಗಿ ಕೆಚ್ಚಲಿಗೆ ತಲೆಯಿಂದ ಗುದ್ದಿತು. ಸಮ್ರಾಳ ಹಿಂಗಾಲು ಮೇಲೆದ್ದಿತು. ಮೇಲೆದ್ದ ಕಾಲು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ಸಮ್ರಾ ಕತ್ತನ್ನು ಹಿಂದಕ್ಕೆ ಬಾಗಿಸಿ, ಮರಿಯ ಗುಂಗುರು ಬೆನ್ನನ್ನು, ಯಾರ ಚರ್ಮವೂ ಇಲ್ಲದ ಬೆನ್ನನ್ನು, ಒಮ್ಮೆ ತುಟಿಯಿಂದ ಸವರಿದಳು. ಹಾಲು ಇಳಿಯುವ ಸದ್ದು, ಮರಿ ಗುಟುಕರಿಸುವ ಸದ್ದು ಕೇಳಿಸಿತು.

ಯಾಕೂಬ್ ಜೋರಾಗಿ ಉಸಿರು ಬಿಟ್ಟು, ಖಲಾಸ್, ಇನ್ನು ಹೆದರಿಕೆ ಇಲ್ಲ ಎಂದ. ಅವನ ದನಿಯಲ್ಲಿ ನಗು ಇತ್ತು. ಸಫೂರಾ ಕಂಬಿ ಬಿಟ್ಟು ಅವನ ಕಡೆ ತಿರುಗಿದಳು. ಇಷ್ಟು ವರ್ಷ ನುಂಗಿದ್ದನ್ನು ಇನ್ನು ತಡೆಯುವುದು ಅವಳ ಕೈಯಲ್ಲಿರಲಿಲ್ಲ.

"ನನ್ನದು ತೆಗೆದರೆ ನೀವು ಎಂತ ಮಾಡ್ತೀರಿ?"

ಯಾಕೂಬನಿಗೆ ಅರ್ಥವಾಗಲಿಲ್ಲ. ಅವಳು ಫರ್ವಾದ ಕೊರಳಪಟ್ಟಿ ಹಿಡಿದು ತೋರಿಸಿದಳು.

"ಇದು. ನೀವು ಮೊಳೆಯಲ್ಲಿ ತೂಗುಹಾಕಿದ್ರಿ, ನಾನು ಹಾಕಿಕೊಂಡೆ. ಇಷ್ಟು ಚಳಿಗಾಲ ಹಾಕಿಕೊಂಡೆ. ಆದರೂ ನೀವು ಒಂದು ದಿನ ನನ್ನ ಮುಖ ನೋಡ್ಲಿಲ್ಲ. ಈ ಮರಿಗೆ ಚರ್ಮ ಹಾಕಿದ ಮೇಲಾದರೂ ಹಾಲು ಸಿಕ್ಕಿತು. ಚರ್ಮ ಹಾಕಿಕೊಂಡೂ ಒದೆ ತಿಂದವಳು ನಾನೊಬ್ಬಳೇ."

ಯಾಕೂಬ್ ಕಟಕಟೆಯ ಕಂಬಿಗೆ ಬೆನ್ನು ಕೊಟ್ಟು, ಮುಂಡಾಸಿನ ತುದಿಯಿಂದ ಬಾಯಿ ಒರೆಸಿಕೊಂಡ.

"ನಾನು ತೂಗುಹಾಕಿದ್ದಲ್ಲ," ಎಂದ. "ಅವಳೇ ಹಾಕಿದ್ದು. ಆಸ್ಪತ್ರೆಗೆ ಹೊರಟ ದಿನ, ಕಾರಿನಲ್ಲಿ ಹೀಟರ್ ಉಂಟಲ್ಲ, ಇದು ಯಾಕೆ ಅಂತ ಮೊಳೆಗೆ ಸಿಕ್ಕಿಸಿ ಹೋದಳು. ಆಮೇಲೆ ನನಗೆ ಅದನ್ನು ಮುಟ್ಲಿಕ್ಕೆ ಆಗ್ಲಿಲ್ಲ. ನೀನು ಬಂದ ಮಾರನೇ ದಿನ ಅದನ್ನೇ ಹಾಕಿಕೊಂಡು ಅಂಗಳಕ್ಕೆ ಬಂದಿ. ಅಕ್ಕನ ಮೇಲಿನ ಪ್ರೀತಿಗೆ ಹಾಕ್ತಾಳೆ ಅಂತ ಗ್ರಹಿಸಿದೆ. ತೆಗೆ ಅಂತ ಹೇಗೆ ಹೇಳುದು?"

ಸಫೂರಾಳ ಕೈ ಕೊರಳಪಟ್ಟಿಯಿಂದ ಜಾರಿತು.

"ಚಳಿಗಾಲದಲ್ಲಿ ಸುಬಹಿ ನಮಾಝ್ ಮುಗಿಸಿ ಹೊರಗೆ ಬಂದ್ರೆ ಹಬೀಬಾ ಒಂಟೆಗಳ ನಡುವಿನಿಂದ ನಡೆದು ಬರ್ತಾಳೆ," ಎಂದ ಯಾಕೂಬ್. "ದಿನಾ ಬರ್ತಾಳೆ. ಹತ್ತಿರ ಬಂದಾಗ ಮುಖ ಅವಳದ್ದಲ್ಲ. ದಿನಾ ಒಂದು ಸಲ ಅವಳು ಸಾಯ್ತಾಳೆ. ನನಗೆ ಅದು ಆಗುದಿಲ್ಲ ಸಫೂರಾ. ಅದಕ್ಕೆ ನಿನ್ನ ಮುಖ ನೋಡುದಿಲ್ಲ."

ಅಯ್ಯೋ ದೇವರೇ, ಇಷ್ಟೆಯೇ? ಇವಳು ಅವನಿಗೆ ಬೇಕೆಂದು ಹಾಕಿಕೊಂಡದ್ದು, ಅವನು ಇವಳಿಗೆ ಬೇಕೆಂದು ಸಹಿಸಿಕೊಂಡದ್ದು. ಒಂದು ಮಾತು, ಬೇಡ ಎಂಬ ಎರಡಕ್ಷರ, ಇಬ್ಬರಲ್ಲಿ ಯಾರ ಬಾಯಿಂದಾದರೂ ಮೊದಲ ವರ್ಷವೇ ಬಿದ್ದಿದ್ದರೆ! ಸಫೂರಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋದ ವರ್ಷಗಳಿಗೆ ಹೊಟ್ಟೆ ಉರಿಯಿತು. ಅದೇ ಉರಿಯಲ್ಲಿ ಕೈ ಫರ್ವಾದ ಗುಂಡಿಗೆ ಹೋಯಿತು. ಒಂದು, ಎರಡು, ಬೆರಳು ಮರಗಟ್ಟಿ ಮೂರನೆಯದು ಬಿಚ್ಚಲೇ ಇಲ್ಲ, ಎಳೆದು ಕಿತ್ತಳು. ಹೆಗಲಿನಿಂದ ಜಾರಿಸಿ ಕಂಬಿಯ ಮೇಲೆ ಎಸೆದಳು. ತೆಳ್ಳಗಿನ ಹೂವಿನ ಮ್ಯಾಕ್ಸಿಯಲ್ಲಿ, ತಲೆಯ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ಹಲ್ಲು ಕಟಕಟ ಎನ್ನಿಸುತ್ತ ನಿಂತಳು. ಈಗ ನೋಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಯಾಕೂಬ್ ನೋಡಿದ. ಪೇಟೆಯಲ್ಲಿ ಗುರುತು ಸಿಕ್ಕದವರನ್ನು ನೋಡುವಂತೆ ಮೊದಲು ಹುಬ್ಬು ಗಂಟಿಕ್ಕಿ ನೋಡಿದ. ಹಬೀಬಾಳಿಗಿಂತ ಕಪ್ಪು, ಗಲ್ಲದ ಮೇಲೆ ಸಣ್ಣ ಗಾಯದ ಗುರುತು, ಕಣ್ಣಿನ ಸುತ್ತ ನೆರಿಗೆ ಬೀಳತೊಡಗಿದ ಮೂವತ್ತಮೂರರ ಹೆಂಗಸು. ಅವಳಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಆದರೂ ತಲೆ ತಗ್ಗಿಸದೆ, ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟು ನಿಂತಳು. ಅವನೂ ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ. ಈ ಗಾಯ ಯಾವಾಗಿನದ್ದು ಎಂದು ಕೇಳಿದ. ಸಣ್ಣದಿರುವಾಗ ಬಾವಿಕಟ್ಟೆಯಲ್ಲಿ ಬಿದ್ದದ್ದು ಎಂದಳು.

ಅಷ್ಟರಲ್ಲಿ ಅಫ್ರಾ ಮನೆಯಿಂದ ಓಡಿ ಬಂದಳು, ಕೈಯಲ್ಲಿ ಮೊಬೈಲ್, ಮೈಮೇಲೆ ಬರಿ ಟೀ ಶರ್ಟು. ಚರ್ಮ ತೆಗೆದಾಯ್ತಾ, ಸಮ್ರಾ ಒಪ್ಪಿದಳಾ, ನನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಮರಿ ಹಾಲು ಕುಡಿಯುವುದನ್ನು ಕಂಡು ಅವಳ ಮುಖ ಅರಳಿತು. ಆಮೇಲೆ ಕಂಬಿಯ ಮೇಲೆ ಬಿದ್ದಿದ್ದ ಫರ್ವಾವನ್ನು ನೋಡಿದಳು.

"ಉಮ್ಮ, ನಿಮಗೆ ಬೇಡ್ವಾ? ನಾನು ಹಾಕ್ಲಾ? ಟೂ ಮಚ್ ಕೋಲ್ಡ್ ಉಂಟು."

ಸಫೂರಾ ಹಾಕಿಕೋ ಎಂದಳು. ನಿನ್ನ ಉಮ್ಮನದು ಅದು, ನಿನಗೇ ಸೇರಬೇಕಾದ್ದು ಎಂದಳು. ಗೊತ್ತುಂಟು ಎಂದು ಅಫ್ರಾ ಕೈ ತೂರಿಸಿದಳು. ಸಫೂರಾಳಿಗೆ ಹಿಮ್ಮಡಿಗೆ ತಾಗುತ್ತಿದ್ದ ಫರ್ವಾ, ಎತ್ತರದ ಹುಡುಗಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅವಳು ಗೇಟು ತೆರೆದು, ಗಾಳಿಗೆ ಎದುರಾಗಿ, ಬಲ ಭುಜವನ್ನು ಸ್ವಲ್ಪ ತಗ್ಗಿಸಿ, ಉದ್ದುದ್ದ ಹೆಜ್ಜೆ ಹಾಕುತ್ತ ಒಂಟೆಗಳ ನಡುವೆ ನಡೆದಳು. ಹಾಗೆ ಭುಜ ತಗ್ಗಿಸಿ ನಡೆಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವಳನ್ನು ನೋಡಿದ ನೆನಪೂ ಅವಳಿಗಿರಲಿಲ್ಲ. ಒಂಟೆಗಳು ಒಂದೊಂದಾಗಿ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿದವು. ಹಬೀಬಾಳ ಕಾಲದ ಹಳೆಯ ಒಂಟೆಯೊಂದು ದಾರಿ ಬಿಟ್ಟು ಸರಿದು ನಿಂತಿತು.

ಸಫೂರಾಳ ಕೈಯನ್ನು ಯಾರೋ ಹಿಡಿದರು. ಯಾಕೂಬನ ಕೈ ಮಂಜುಗಡ್ಡೆಯಾಗಿತ್ತು.

"ಸಫೂರಾ," ಎಂದ, ಅತ್ತಲೇ ನೋಡುತ್ತ. "ನಿನಗೂ ಕಾಣ್ತದಾ?"

ತೋಡಾರಿನ ಗದ್ದೆಯ ಹುಣಿಯ ಮೇಲೆ, ತನ್ನನ್ನು ಮದ್ರಸಾಕ್ಕೆ ಕರೆದೊಯ್ಯುತ್ತ ಬಲ ಭುಜ ತಗ್ಗಿಸಿ ಮುಂದೆ ಮುಂದೆ ಹೋಗುತ್ತಿದ್ದ ಅಕ್ಕನ ಆ ಬೆನ್ನು ಸಫೂರಾಳಿಗೆ ಕಂಡಿತು. ಇಷ್ಟು ವರ್ಷ ಅಕ್ಕನಾಗಿ ಬದುಕುವ ಗಡಿಬಿಡಿಯಲ್ಲಿ ಅಕ್ಕ ಸತ್ತದ್ದಕ್ಕೆ ಅವಳು ಒಂದು ದಿನವೂ ಅತ್ತಿರಲಿಲ್ಲ.

"ಕಾಣ್ತದೆ," ಎಂದಳು. ಅಕ್ಕಾ ಎಂದು ಕರೆದು ಅಳತೊಡಗಿದಳು. ಯಾಕೂಬ್ ಕೈ ಬಿಡಲಿಲ್ಲ.